ಹಗಲಿನ ಮೈಸೂರು

ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಮನೆಮಂದಿಯೆಲ್ಲ ಒಂದು ದಿನ ಮೈಸೂರಿಗೆ ಹೋಗಿಬರುವುದು ನಮ್ಮ ಮನೆಯಲ್ಲಿ ನಡೆದುಕೊಂಡು ಬಂದ ಪದ್ಧತಿ. ನಮ್ಮೂರು ಹೊಳೆನರಸೀಪುರ. ಕೆ.ಆರ್. ನಗರದ ಮೇಲೆ ಬಸ್ಸಿನಲ್ಲಿ ಎರಡೂವರೆ ಮೂರು ಗಂಟೆಯ ದಾರಿ. ಡಿಸೆಂಬರ್ ಬಂತೆಂದರೆ ಹೇಮಾವತಿಯ ಮೇಲೆ ಕವಿದ ಮಂಜು ಬೆಳಗ್ಗೆ ಎಂಟಾದರೂ ಕರಗುವುದಿಲ್ಲ. ಟ್ರಂಕಿನಿಂದ ಸ್ವೆಟರು, ಶಾಲುಗಳು ಹೊರಬಂದು ನುಸಿಗುಳಿಗೆಯ ವಾಸನೆ ಮನೆಯೆಲ್ಲ ತುಂಬುತ್ತದೆ. ಅಡಿಗೆಮನೆಯಲ್ಲಿ ಸೊಗಡವರೆಯ ಸಾರು ಕುದಿಯುತ್ತಿರುತ್ತದೆ. ಅಂಥ ಒಂದು ರಾತ್ರಿ ನಮ್ಮವರು ಮುದ್ದೆ ಮುರಿಯುತ್ತಾ, "ಈ ಸಲ ಮೈಸೂರು ಯಾವಾಗ?" ಎಂದು ಕೇಳುತ್ತಾರೆ. ಕೇಳುವುದಷ್ಟೇ ಅವರ ಕೆಲಸ. ಮುಂದಿನದೆಲ್ಲ ನನ್ನದು.

ಮೂವತ್ತು ವರ್ಷದಿಂದ ಮೇಷ್ಟ್ರಗಿರಿ ಮಾಡಿದವಳು ನಾನು. ಟೈಂಟೇಬಲ್ ಹಾಕದೆ ನನಗೆ ಸಮಾಧಾನವಿಲ್ಲ. ಮಕ್ಕಳ ಹಳೆಯ ಉತ್ತರಪತ್ರಿಕೆಯ ಖಾಲಿ ಹಾಳೆಯೊಂದನ್ನು ಹರಿದುಕೊಂಡು ಗೆರೆ ಎಳೆದು ಕೂರುತ್ತೇನೆ. ಭಾನುವಾರವೇ ಆಗಬೇಕು, ಏಕೆಂದರೆ ಅರಮನೆಗೆ ದೀಪ ಹಾಕುವುದು ಭಾನುವಾರ ಮತ್ತು ಸರ್ಕಾರಿ ರಜೆಯ ದಿನ, ಸಂಜೆ ಏಳಕ್ಕೆ. ಮಂಗಳವಾರವಂತೂ ಮೃಗಾಲಯಕ್ಕೆ ರಜ. ಕ್ರಿಸ್‌ಮಸ್ ವಾರ ಬೇಡ, ಕಾಲಿಡಲು ಜಾಗವಿರುವುದಿಲ್ಲ. ಹೀಗೆ ಕಳೆಯುತ್ತಾ ಬಂದರೆ ಉಳಿಯುವುದು ಡಿಸೆಂಬರಿನ ಮೂರನೆಯ ಭಾನುವಾರ. ಬೆಂಗಳೂರಿನಲ್ಲಿರುವ ಮಗನಿಗೆ, ಮಗಳಿಗೆ ಫೋನು ಮಾಡಿ, ಶನಿವಾರ ರಾತ್ರಿಗೇ ಊರಿಗೆ ಬಂದುಬಿಡಿ ಎಂದು ತಾಕೀತು ಮಾಡುತ್ತೇನೆ.

2023ರ ಡಿಸೆಂಬರಿನಲ್ಲಿ ಹಾಕಿದ ಪಟ್ಟಿ ಇನ್ನೂ ನನ್ನ ಹತ್ತಿರ ಇದೆ. ಬೆಳಗ್ಗೆ ಆರಕ್ಕೆ ಬಸ್ಸು. ಒಂಬತ್ತಕ್ಕೆ ಮೈಸೂರು. ಮೊದಲು ಚಾಮುಂಡಿ ಬೆಟ್ಟ, ಇಳಿಯುವಾಗ ನಂದಿ. ಹನ್ನೊಂದೂವರೆಗೆ ಮೃಗಾಲಯ. ಎರಡಕ್ಕೆ ಬುತ್ತಿ ಬಿಚ್ಚುವುದು: ಪುಳಿಯೋಗರೆ, ಮೊಸರನ್ನ, ಮಗುವಿಗೆ ಚಪಾತಿ. ಮೂರಕ್ಕೆ ರೈಲ್ವೆ ಮ್ಯೂಸಿಯಂ, ನಾಲ್ಕೂವರೆಗೆ ಸಂತ ಫಿಲೋಮಿನಾ ಚರ್ಚು, ಐದೂವರೆಗೆ ಸಯ್ಯಾಜಿರಾವ್ ರಸ್ತೆಯಲ್ಲಿ ಮೈಸೂರುಪಾಕು, ಏಳಕ್ಕೆ ಅರಮನೆ ದೀಪ, ಎಂಟಕ್ಕೆ ವಾಪಸು ಬಸ್ಸು. ಒಂದು ನಿಮಿಷವನ್ನೂ ಪೋಲು ಮಾಡದ ಪಟ್ಟಿ. ಅದನ್ನು ಓದಿ ಹೇಳಿದಾಗ ನಮ್ಮವರು, "ಇದೇನೇ, ಪಬ್ಲಿಕ್ ಪರೀಕ್ಷೆಯ ಹಾಗಿದೆಯಲ್ಲ" ಎಂದು ನಕ್ಕರು. ಆಮೇಲೆ, "ಎಷ್ಟು ಜನ ಆಯ್ತು?" ಎಂದರು.

"ಆರು" ಎಂದೆ. ನಾವಿಬ್ಬರು, ಮಗ, ಮಗಳು, ಅಳಿಯ, ಮೊಮ್ಮಗ.

ನಮ್ಮ ಮನೆಯಲ್ಲಿ ಆಗ ಏಳು ಜನರಿದ್ದೆವು. ಏಳನೆಯವರು ಅಲ್ಲೇ, ಪಡಸಾಲೆಯ ಕಂಬಕ್ಕೆ ಒರಗಿ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದರು. ನಮ್ಮತ್ತೆ. ಎಂಬತ್ತು ತುಂಬಿದವರು.

ಅವರನ್ನು ಯಾರೂ ಮರೆತಿರಲಿಲ್ಲ, ಇದನ್ನು ನೀವು ನಂಬಬೇಕು. ನಾನೇ ಅವರ ಕಡೆ ತಿರುಗಿ ಹೇಳಿದೆ: "ಅತ್ತೆ, ನೀವೂ ಬರಬಹುದಿತ್ತು, ಆದರೆ ಬೆಳಗಿನ ಜಾವದ ಚಳಿ. ಆ ಬಸ್ಸಿನ ಕುಲುಕಾಟ, ಓಡಾಟ, ನಿಮಗೆ ಆಗೋದಿಲ್ಲ ಅಲ್ವಾ?"

"ಹೂಂ ಕಣಮ್ಮ, ಎಲ್ಲಾಯ್ತದೆ ನಂಗೆ? ನೀವು ಹೋಗ್ಬನ್ನಿ" ಎಂದರು ಅತ್ತೆ. ಕೈ ಸುಲಿಯುವುದನ್ನು ನಿಲ್ಲಿಸಲಿಲ್ಲ.

ಹೋದೆವು. ದಿನ ಚೆನ್ನಾಗಿಯೇ ಕಳೆಯಿತು. ಮೊಮ್ಮಗ ಜಿರಾಫೆಯ ಮುಂದಿನಿಂದ ಕದಲದೆ ನನ್ನ ಟೈಂಟೇಬಲ್ಲನ್ನು ಮುಕ್ಕಾಲು ಗಂಟೆ ಹಿಂದಕ್ಕೆ ತಳ್ಳಿದ್ದು ಬಿಟ್ಟರೆ ಎಲ್ಲವೂ ಹಾಕಿದ ಹಾಗೇ ನಡೆಯಿತು. ಪಕ್ಕದ ಮನೆಯವರಿಗೆ ಹೇಳಿದ್ದೆ, ಎರಡು ಸಲ ಬಂದು ಅತ್ತೆಯನ್ನು ನೋಡಿಕೊಂಡು ಹೋಗಿದ್ದರು. ನಾವು ಮನೆ ಮುಟ್ಟಿದಾಗ ರಾತ್ರಿ ಹನ್ನೊಂದು. ಅತ್ತೆ ಮಲಗಿರಲಿಲ್ಲ. ಜಗಲಿಯ ದೀಪ ಹಾಕಿಕೊಂಡು, ಶಾಲು ಹೊದ್ದು, ಬಾಗಿಲ ಒಳಗೇ ಕುಳಿತಿದ್ದರು. ಅವರ ಕೈಗೆ ಮೈಸೂರುಪಾಕಿನ ಪೊಟ್ಟಣ ಕೊಟ್ಟೆ. ಅದನ್ನು ಪಕ್ಕಕ್ಕಿಟ್ಟು ಕೇಳಿದರು: "ಅರಮನೆ ದೀಪ ಹತ್ತಿದ್ದು ನೋಡಿದ್ರಾ? ಹೆಂಗಿರ್ತದೆ?"

"ಅಯ್ಯೋ, ನೀವು ನೋಡಿಲ್ವಾ ಅತ್ತೆ?"

"ಎಲ್ಲಿ ನೋಡ್ಲಿ? ಹತ್ತು ಸಲನಾದ್ರೂ ಹೋಗಿವ್ನಿ ಮೈಸೂರಿಗೆ. ದೊಡ್ಡಾಸ್ಪತ್ರೆಗೆ ಹೋಗಿವ್ನಿ, ಮದುವೆಗೆ ಹೋಗಿವ್ನಿ, ನಿನ್ ಗಂಡ ಹಾಸ್ಟೆಲ್‌ನಲ್ಲಿದ್ದಾಗ ಹಿಟ್ಟು, ತುಪ್ಪ ಹೊತ್ಕೊಂಡು ಹೋಗಿವ್ನಿ. ಸಂಜೆ ಹಾಲು ಕರೀಬೇಕಲ್ಲ, ನಾಲ್ಕು ಗಂಟೆ ಬಸ್ಸಿಗೇ ಬಂದ್‌ಬುಡ್ತಿದ್ದೆ. ನಾ ಕಂಡಿದ್ದೆಲ್ಲ ಹಗಲಿನ ಮೈಸೂರು."

ಇಷ್ಟು ಹೇಳಿ ಎದ್ದು ಒಳಗೆ ಹೋದರು. ದೂರಿನ ದನಿಯೇ ಇರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಸಮಾಧಾನ ಹೇಳಿ ಮಲಗುತ್ತಿದ್ದೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಹಾಸಿಗೆಯಲ್ಲಿ ಮಲಗಿ ನನ್ನ ಪರವಾಗಿ ನಾನೇ ವಕಾಲತ್ತು ಮಾಡಿಕೊಂಡೆ. ನಾನು ಮಾಡಿದ್ದರಲ್ಲಿ ತಪ್ಪೇನಿದೆ? ಅವರ ಒಳ್ಳೆಯದಕ್ಕೇ ಅಲ್ಲವೇ? ಚಳಿಗೆ ಅವರಿಗೆ ಕೆಮ್ಮು ಬರುತ್ತದೆ. ಮಂಡಿನೋವಿದೆ. ರಕ್ತದೊತ್ತಡದ ಮಾತ್ರೆ ನುಂಗುತ್ತಾರೆ. ಇವೆಲ್ಲ ಸುಳ್ಳಲ್ಲ. ಆದರೆ ಕತ್ತಲೆಯಲ್ಲಿ ಮಲಗಿದಾಗ ಮನುಷ್ಯ ತನಗೆ ತಾನೇ ಪೂರ್ತಿ ಸುಳ್ಳು ಹೇಳಿಕೊಳ್ಳುವುದು ಕಷ್ಟ. ಅವರು ಬಂದರೆ ಆರು ಗಂಟೆಯ ಬಸ್ಸು ಸಾಧ್ಯವಿಲ್ಲ ಎಂಬುದು ನನಗೆ ಮೊದಲು ಹೊಳೆದಿತ್ತು. ಬೆಟ್ಟ ಬಿಟ್ಟುಹೋಗುತ್ತದೆ ಎಂಬುದು ಎರಡನೆಯದು. ಮೂರನೆಯದನ್ನು ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ಓದುವವರು ನೀವೂ ಹೆಂಗಸರೇ. ಬಸ್ಸು ಹತ್ತಬೇಕಾದರೆ ಹಿಂದಿನ ರಾತ್ರಿಯಿಂದಲೇ ನೀರು ಕಡಿಮೆ ಮಾಡುವುದು ನಮಗೆ ಯಾರೂ ಹೇಳಿಕೊಡದೆ ಬಂದ ಪಾಠ. ಎಂಬತ್ತರ ಹೆಂಗಸಿಗೆ ಆ ಪಾಠ ನಡೆಯುವುದಿಲ್ಲ. ಗಂಟೆಗೊಮ್ಮೆ ಎಲ್ಲಿ ಕರೆದುಕೊಂಡು ಹೋಗುವುದು? ಹೋದ ಕಡೆ ಮೆಟ್ಟಿಲು, ಪಾಚಿ, ನೀರಿಲ್ಲದ ನಲ್ಲಿ. ಅವರ ಜೊತೆ ಹೋಗಬೇಕಾದವಳು ನಾನು. ಅಂದರೆ ನನ್ನ ದಿನವೂ ಅಲ್ಲೇ ಮುಗಿಯಿತು. ಈ ಮೂರು ಲೆಕ್ಕವೂ ಒಂದು ಕ್ಷಣದಲ್ಲಿ ನನ್ನ ತಲೆಯೊಳಗೆ ಆಗಿಹೋಗಿದ್ದವು. ಬಾಯಿಗೆ ಬರುವ ಹೊತ್ತಿಗೆ ಅವೆಲ್ಲ "ನಿಮಗೆ ಆಗೋದಿಲ್ಲ" ಎಂಬ ಕಾಳಜಿಯ ಮಾತಾಗಿದ್ದವು.

ನನಗೆ ನನ್ನ ಅನುಕೂಲ ಬೇಕಾಗಿತ್ತು ಎಂಬುದು ಅಂಥ ದೊಡ್ಡ ಪಾಪವಲ್ಲ. ಅದನ್ನು ಅವರ ಒಳ್ಳೆಯದು ಎಂದು ಕರೆದದ್ದು ಮಾತ್ರ ಸರಿಯಲ್ಲ. ನನ್ನ ಅನುಕೂಲವೆಂದು ಹೇಳಿದ್ದರೆ ಅವರು ಅದಕ್ಕೆ ಎದುರು ಮಾತಾಡಬಹುದಿತ್ತು, ಜಗಳವಾದರೂ ಆಡಬಹುದಿತ್ತು. ನಿಮ್ಮ ಒಳ್ಳೆಯದು ಎಂದಮೇಲೆ ಪಾಪ, ಏನು ಮಾತಾಡುತ್ತಾರೆ? ಬಾಯಿ ಕಟ್ಟಿಹಾಕುವುದಕ್ಕೆ ಕಾಳಜಿಯಂಥ ಮೆತ್ತನೆಯ ಬಟ್ಟೆ ಇನ್ನೊಂದಿಲ್ಲ.

ಆ ರಾತ್ರಿಯೇ ಇನ್ನೊಂದು ಹಳೆಯ ಮುಖ ಕಣ್ಣಮುಂದೆ ಬಂತು. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಶಾಲೆಯಿಂದ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳಕ್ಕೆ ಪ್ರವಾಸ. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು; ಪೋಲಿಯೋದಿಂದ ಒಂದು ಕಾಲು ಸೊರಗಿತ್ತು. ಅವಳೂ ಹೆಸರು ಕೊಟ್ಟಿದ್ದಳು, ದುಡ್ಡು ತಂದಿದ್ದಳು. ವಿಂಧ್ಯಗಿರಿಗೆ ಬಂಡೆಯಲ್ಲಿ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ನಾನು ಅವಳ ಅಪ್ಪನನ್ನು ಕರೆಸಿ, ಮಗುವಿಗೆ ಕಷ್ಟವಾಗುತ್ತದೆ ಎಂದು ತಿಳಿಸಿ ಹೇಳಿ ದುಡ್ಡು ವಾಪಸು ಕೊಟ್ಟೆ. ಪಕ್ಕದಲ್ಲಿ ನಿಂತಿದ್ದ ಹುಡುಗಿ, "ನಾನು ಕೆಳಗೇ ಕೂತು ನೋಡ್ತೀನಿ ಮಿಸ್" ಎಂದಳು. "ಹಟ ಮಾಡಬಾರದು" ಎಂದೆ. ಪ್ರವಾಸದ ದಿನ ಬೆಳಗ್ಗೆ ಐದು ಗಂಟೆಗೆ, ಆ ಚಳಿಯಲ್ಲಿ, ಅವಳು ಶಾಲೆಯ ಗೇಟಿನ ಹತ್ತಿರ ನಿಂತಿದ್ದಳು, ಬಸ್ಸಿಗೆ ಟಾಟಾ ಮಾಡಲು.

ಐವತ್ತೆಂಟು ಅಡಿಯ ಗೊಮ್ಮಟ ಮೈಲಿಗಟ್ಟಲೆ ದೂರದಿಂದಲೇ ಕಾಣುತ್ತಾನೆ. ಕೆಳಗೆ ಕೂತು ನೋಡುತ್ತೇನೆಂದ ಹುಡುಗಿ ನನಗಿಂತ ಸರಿಯಾಗಿ ಯೋಜನೆ ಹಾಕಿದ್ದಳು. ತನ್ನ ಕಾಲಿನ ಅಳತೆ ಅವಳಿಗೆ ಗೊತ್ತಿತ್ತು, ತನ್ನ ಆಸೆಯ ಅಳತೆಯೂ ಗೊತ್ತಿತ್ತು. ನನಗೆ ಗೊತ್ತಿದ್ದದ್ದು ಕಾಲಿನದು ಮಾತ್ರ. ಈಗ ಅವಳು ಎಲ್ಲಿದ್ದಾಳೋ. ಅವಳಿಗೆ ಆ ದಿನ ನೆನಪಿದೆಯೋ ಇಲ್ಲವೋ, ನನಗಿದೆ.

ತರಗತಿಯಲ್ಲಿ ಮಹಾಭಾರತದ ಕೊನೆಯ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಧರ್ಮರಾಯ ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಇಂದ್ರನ ರಥ ಹತ್ತಲು ಒಪ್ಪಲಿಲ್ಲವೆಂಬ ಭಾಗವನ್ನು ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಅದರ ಹಿಂದಿನ ಭಾಗವನ್ನು ನಾನು ಬೇಗ ಬೇಗ ದಾಟಿಸಿಬಿಡುತ್ತಿದ್ದೆ. ಹಿಮಾಲಯದ ಹಾದಿಯಲ್ಲಿ ಮೊದಲು ಬಿದ್ದವಳು ದ್ರೌಪದಿ. ಆಮೇಲೆ ಸಹದೇವ, ನಕುಲ, ಅರ್ಜುನ, ಕೊನೆಗೆ ಭೀಮ. ಒಬ್ಬೊಬ್ಬರು ಬಿದ್ದಾಗಲೂ ಭೀಮ ಕೇಳುತ್ತಾನೆ, ಇವರೇಕೆ ಬಿದ್ದರು ಎಂದು. ಧರ್ಮರಾಯ ಹಿಂತಿರುಗಿ ನೋಡದೆ ಕಾರಣ ಹೇಳುತ್ತಾನೆ. ದ್ರೌಪದಿಗೆ ಅರ್ಜುನನ ಮೇಲೆ ಪಕ್ಷಪಾತವಿತ್ತು, ಸಹದೇವನಿಗೆ ಜಾಣತನದ ಗರ್ವ, ನಕುಲನಿಗೆ ರೂಪದ ಗರ್ವ. ಕಾರಣ ಹೇಳಿ ಮುಂದೆ ನಡೆಯುತ್ತಾನೆ.

ಧರ್ಮರಾಯನ ತಪ್ಪು ಹುಡುಕುವಷ್ಟು ದೊಡ್ಡವಳು ನಾನಲ್ಲ. ಅದು ಹಿಂತಿರುಗಿ ನೋಡಬಾರದ ಯಾತ್ರೆ, ಅದರ ಧರ್ಮವೇ ಬೇರೆ ಎಂದು ತಿಳಿದವರು ಹೇಳುತ್ತಾರೆ. ಆದರೆ ನಮ್ಮದು ಸ್ವರ್ಗದ ಯಾತ್ರೆಯಲ್ಲವಲ್ಲ? ಸಂಜೆ ವಾಪಸು ಬರುವ ಮೈಸೂರಿನ ಪ್ರವಾಸ. ನಾವೂ ಹಿಂದೆ ಉಳಿದವರ ಬಗ್ಗೆ ಕಾರಣಗಳನ್ನು ಚೆನ್ನಾಗಿಯೇ ಹೇಳುತ್ತೇವೆ. ಅವರಿಗೆ ಮಂಡಿನೋವು, ಇವಳಿಗೆ ಕಾಲಿಲ್ಲ, ಅವರಿಗೆ ಇಂಥದ್ದರಲ್ಲಿ ಆಸಕ್ತಿ ಇಲ್ಲ. ಕಾರಣಗಳೆಲ್ಲ ಉಳಿದವರಲ್ಲೇ ಇರುತ್ತವೆ. ನಡೆಯುವವರ ವೇಗದಲ್ಲಿ ಯಾವ ಕಾರಣವೂ ಇರುವುದಿಲ್ಲ.

ಹಾಗಾದರೆ ಎಲ್ಲರನ್ನೂ ಎಲ್ಲ ಕಡೆಗೂ ಕರೆದುಕೊಂಡು ಹೋಗುವುದೇ ಧರ್ಮವೇ? ಇದನ್ನು ಮಗಳು ನನ್ನನ್ನು ನೇರವಾಗಿಯೇ ಕೇಳಿದಳು. "ಅಮ್ಮ, ಪುಟ್ಟನಿಗೂ ವರ್ಷಕ್ಕೆ ಇರೋದು ಇದೊಂದೇ ದಿನ. ಅಜ್ಜಿಗೋಸ್ಕರ ಅವನು ಮನೆ ಬಾಗಿಲಲ್ಲಿ ಕೂರಬೇಕಾ?" ಅವಳ ಮಾತಿನಲ್ಲೂ ನ್ಯಾಯವಿತ್ತು. ಎಂಟು ಹೆಜ್ಜೆ ಇಡಬಲ್ಲ ಕಾಲುಗಳನ್ನೆಲ್ಲ ಎರಡು ಹೆಜ್ಜೆಯ ಕಾಲಿಗೆ ಕಟ್ಟಿಹಾಕಿದರೆ ಅದೂ ಒಂದು ಬಗೆಯ ಬಲವಂತವೇ. ಇನ್ನೊಂದು ಬಲವಂತವನ್ನೂ ನಾನು ಕಂಡಿದ್ದೇನೆ. ನನಗೆ ಪರಿಚಯದವರೊಬ್ಬರು ತಮ್ಮ ತಂದೆಯನ್ನು, ಬೇಡ ಬೇಡ ಎಂದರೂ ಬಿಡದೆ, ಬೆಟ್ಟದ ದೇವಸ್ಥಾನಕ್ಕೆ ಹೊತ್ತುಕೊಂಡು ಹೋದರು. ಮೇಲೆ ಹೋಗಿ ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಆ ಫೋಟೋದಲ್ಲಿ ಆ ಮುದುಕರ ಮುಖವೊಂದನ್ನು ಬಿಟ್ಟು ಮಿಕ್ಕೆಲ್ಲ ಮುಖಗಳಲ್ಲೂ ತೃಪ್ತಿಯಿತ್ತು. ಬಿಟ್ಟುಹೋಗುವವರೂ ಕೇಳುವುದಿಲ್ಲ, ಹೊತ್ತುಕೊಂಡು ಹೋಗುವವರೂ ಕೇಳುವುದಿಲ್ಲ.

ಕೇಳಬೇಕು. ಉತ್ತರ ಇಷ್ಟೇ ಸರಳವಾದದ್ದು ಎಂದುಕೊಂಡೆ. ಆಮೇಲೆ ನೆನಪಾಯಿತು, ನಾನು ಕೇಳಿದ್ದೆನಲ್ಲ! "ನಿಮಗೆ ಆಗೋದಿಲ್ಲ ಅಲ್ವಾ?" ಅದೂ ಪ್ರಶ್ನೆಯೇ ಅಲ್ಲವೇ?

ಇದಕ್ಕೆ ನನ್ನ ಕಸುಬಿನಿಂದಲೇ ಒಂದು ಉದಾಹರಣೆ ಕೊಡಬಲ್ಲೆ. ಪಾಠ ಮುಗಿಸಿ, ಪುಸ್ತಕ ಮಡಿಸಿ, "ಎಲ್ಲರಿಗೂ ಅರ್ಥ ಆಯ್ತಾ?" ಎಂದು ಕೇಳಿದರೆ ಇಡೀ ತರಗತಿ ಒಂದೇ ರಾಗದಲ್ಲಿ "ಆಯ್ತು ಮಿಸ್" ಎನ್ನುತ್ತದೆ. ಅರ್ಥವಾಗದ ಮಗುವಿನ ದನಿಯೇ ಅದರಲ್ಲಿ ಎಲ್ಲಕ್ಕಿಂತ ಗಟ್ಟಿ. ಅರ್ಥವಾಯಿತೋ ಇಲ್ಲವೋ ತಿಳಿಯಬೇಕಾದರೆ ಪುಸ್ತಕ ತೆರೆದೇ ಇರಬೇಕು, ಗಂಟೆ ಹೊಡೆಯಲು ಹೊತ್ತಿರಬೇಕು, ಆ ಮಗುವಿನ ಬೆಂಚಿನ ಹತ್ತಿರ ಹೋಗಿ ನಿಲ್ಲಬೇಕು. ಉತ್ತರವನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರುವ ಪ್ರಶ್ನೆ ಪ್ರಶ್ನೆಯಲ್ಲ, ಅಪ್ಪಣೆ. ಅದರಲ್ಲೂ ನಮ್ಮ ಮನೆಗಳಲ್ಲಿ ಹೆಂಗಸರಿಗೆ "ಬೇಡ" ಎನ್ನುವುದು ಮರ್ಯಾದೆಯ ಉತ್ತರವೆಂದು ಚಿಕ್ಕಂದಿನಿಂದ ರೂಢಿಯಾಗಿದೆ. ಇನ್ನೊಂದು ಹೋಳಿಗೆ? ಬೇಡ. ಹೊಸ ಸೀರೆ? ಈಗ್ಯಾಕೆ, ಬೇಡ. ಆ "ಬೇಡ"ಗಳಲ್ಲಿ ನಿಜವಾದದ್ದು ಯಾವುದು, ಅಭ್ಯಾಸದ್ದು ಯಾವುದು, ಹೇಳಿದವರಿಗೂ ಒಮ್ಮೊಮ್ಮೆ ತಿಳಿಯದು. ಆದ್ದರಿಂದ ಕೇಳಿದರಷ್ಟೇ ಸಾಲದು. "ಹೂಂ" ಎನ್ನುವುದಕ್ಕೂ ಜಾಗ ಬಿಟ್ಟು ಕೇಳಬೇಕು.

2024ರ ಡಿಸೆಂಬರಿನಲ್ಲಿ ನಾನು ಹಾಳೆಗೆ ಗೆರೆ ಎಳೆಯುವ ಮೊದಲೇ ಅತ್ತೆಯ ಪಕ್ಕ ಅವರೆಕಾಯಿಯ ಮೊರ ಎಳೆದುಕೊಂಡು ಕುಳಿತೆ. ಚಳಿಯ ಮಾತು ಎತ್ತಲಿಲ್ಲ, ಬಸ್ಸಿನ ಮಾತು ಎತ್ತಲಿಲ್ಲ. "ಅತ್ತೆ, ಮೈಸೂರಿನಲ್ಲಿ ನಿಮಗೆ ಏನು ನೋಡಬೇಕು?" ಎಂದೆ.

"ನಂಗೇನು ನೋಡೋದದೆ? ನೀವು ನೋಡಿದ್ರೆ ನಾನು ನೋಡ್ದಂಗೇ."

ನಾನು ಅದನ್ನು ಉತ್ತರವೆಂದು ಬರೆದುಕೊಳ್ಳಲಿಲ್ಲ. "ಅವಸರವಿಲ್ಲ, ಯೋಚನೆ ಮಾಡಿ ಹೇಳಿ" ಎಂದೆ. ಎರಡು ದಿನ ಏನೂ ಹೇಳಲಿಲ್ಲ. ಮೂರನೆಯ ದಿನ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ, ನನ್ನ ಮುಖ ಕಾಣದ ಹಾಗೆ ಕುಳಿತಿದ್ದದ್ದೇ ಅನುಕೂಲವಾಯಿತೋ ಏನೋ, ತಾವಾಗಿಯೇ ಹೇಳಿದರು. "ಕೇಳಿದ್ಯಲ್ಲ... ಅರಮನೆ ದೀಪ ಒಂದು. ಆಮೇಲೆ ಆ ಮಾರ್ಕೆಟ್ಟಲ್ಲಿ ಹೂವಿನ ಸಾಲದಲ್ಲ, ಅಲ್ಲಿ ಒಂದ್ ಗಳಿಗೆ ನಿಂತ್ಕಬೇಕು. ಹೂ ಮುಡಿಯೋಕಲ್ಲ ಕಣಮ್ಮ, ವಾಸನೆಗೆ. ಮುಡಿಯೋದಕ್ಕೆ ತಾನೆ ಕಟ್ಟು, ಮೂಗಿಗೆ ಯಾವ ಕಟ್ಟು?"

ಮಾವ ತೀರಿಕೊಂಡು ಆಗಲೇ ಹದಿನೆಂಟು ವರ್ಷ. ಈ ಆಸೆ ಅಷ್ಟು ದಿನವೂ ನಮ್ಮ ಮನೆಯಲ್ಲೇ ಇತ್ತು.

ಹೊಸ ಪಟ್ಟಿ ಹಾಕುವುದು ಸುಲಭವಾಗಲಿಲ್ಲ. ಮೊದಲು ಊರಿನ ಡಾಕ್ಟರನ್ನು ಕೇಳಿದೆ. ಮಾತ್ರೆ ತಪ್ಪಿಸಬೇಡಿ, ಕಿವಿ ಮುಚ್ಚಿಕೊಂಡಿರಲಿ, ನಡುವೆ ಒಂದೆರಡು ಗಂಟೆ ಮಲಗಲಿ ಎಂದರು. ಆಮೇಲೆ ದಿನವನ್ನು ಎರಡು ಸೀಳಾಗಿ ಮಾಡಿದೆ. ಮಗ, ಮಗಳು, ಅಳಿಯ, ಪುಟ್ಟ ನಾಲ್ವರೂ ಹಿಂದಿನ ಹಾಗೇ ಆರು ಗಂಟೆಯ ಬಸ್ಸಿಗೆ ಹೋಗಿ ಮೃಗಾಲಯ, ರೈಲ್ವೆ ಮ್ಯೂಸಿಯಂ ನೋಡುವುದು. ನಾವು ಮೂವರು ಬಿಸಿಲು ಏರಿದ ಮೇಲೆ ಹತ್ತೂವರೆಯ ಬಸ್ಸು. ಸರಸ್ವತೀಪುರಂನಲ್ಲಿ ನಮ್ಮವರ ಚಿಕ್ಕಮ್ಮನ ಮಗಳ ಮನೆಯಿದೆ. ಅಲ್ಲಿ ಊಟ, ಅತ್ತೆಗೆ ನಿದ್ದೆ. ನಾಲ್ಕೂವರೆಗೆ ಆಟೋದಲ್ಲಿ ದೇವರಾಜ ಮಾರುಕಟ್ಟೆ. ಆರೂವರೆಗೆ ಎಲ್ಲರೂ ಅರಮನೆಯಲ್ಲಿ ಸೇರುವುದು. ರಾತ್ರಿ ಬಸ್ಸಿನ ಬದಲು ಬಾಡಿಗೆ ಕಾರು. ಬೆಟ್ಟ ಹೋಯಿತು, ಚರ್ಚು ಹೋಯಿತು, ಕಾರಿನ ಬಾಡಿಗೆ ಮೇಲೆ ಬಿತ್ತು. "ಎಲ್ಲರೂ ಒಟ್ಟಿಗೆ ಓಡಾಡದಿದ್ದರೆ ಅದು ಹೇಗೆ ಮನೆಮಂದಿಯ ಪ್ರವಾಸ?" ಎಂದು ಮಗ ಗೊಣಗಿದ. ನಾನೂ ಯೋಚಿಸಿದೆ. ಹಿಂದಿನ ವರ್ಷ ನಾವು ಆರು ಜನ ದಿನವಿಡೀ ಒಟ್ಟಿಗಿದ್ದೆವು, ಆದರೆ ಅದು ಮನೆಮಂದಿಯಾಗಿರಲಿಲ್ಲ. ಈ ಸಲ ಒಂದು ಗಂಟೆಯಾದರೂ ಏಳು ಜನ ಒಂದೆಡೆ ಇರುತ್ತೇವೆ. ಇದನ್ನೇ ಅವನಿಗೆ ಹೇಳಿದೆ. ಅವನು ಒಪ್ಪಿದನೆಂದು ಹೇಳಲಾರೆ, ಸುಮ್ಮನಾದ.

ಬಸ್ಸಿನಲ್ಲಿ ಕಂಡಕ್ಟರು ಬಂದು ನಮ್ಮವರಿಗೆ ದುಡ್ಡಿನ ಟಿಕೆಟ್ಟು, ನಮ್ಮಿಬ್ಬರಿಗೆ ಸೊನ್ನೆಯ ಟಿಕೆಟ್ಟು ಕೊಟ್ಟರು. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ದುಡ್ಡಿಲ್ಲವಲ್ಲ. ಅತ್ತೆ ಅದನ್ನು ತಿರುಗಿಸಿ ನೋಡಿ, "ಆಗ ಮನೇಲಿ ನಾನೇ ಸೊನ್ನೆ, ಈಗ ನನ್ ಟಿಕೀಟು ಸೊನ್ನೆ" ಎಂದು ನಕ್ಕರು. ಮುಂದಿನ ಸೀಟಿನವರೂ ತಿರುಗಿ ನಕ್ಕರು. ನಮ್ಮವರು ಮಾತ್ರ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು.

ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಅತ್ತೆ ಹತ್ತು ನಿಮಿಷ ನಿಂತರು. ಸೇವಂತಿಗೆ, ಕನಕಾಂಬರ, ಮರುಗ, ದವನ. ಚಳಿಗಾಲವಾದ್ದರಿಂದ ಮಲ್ಲಿಗೆ ದುಬಾರಿ. ಚೌಕಾಸಿ ಮಾಡಿ ಒಂದು ಮೊಳ ಮಲ್ಲಿಗೆಯನ್ನು ತಮ್ಮ ಕೈಯಾರೆ ಕೊಂಡು, "ದೇವರಿಗೆ" ಎಂದರು. ಯಾರೂ ಕೇಳಿರಲಿಲ್ಲ. ಬಾಳೆಲೆಯಲ್ಲಿ ಸುತ್ತಿದ ಆ ಪೊಟ್ಟಣವನ್ನು ಊರು ಮುಟ್ಟುವವರೆಗೆ ನನ್ನ ಕೈಗೆ ಕೊಡಲಿಲ್ಲ.

ಅರಮನೆಯ ಆವರಣದಲ್ಲಿ ಒಂದು ಕಟ್ಟೆಯ ಮೇಲೆ ಅವರನ್ನು ಕೂರಿಸಿ, ಕಿವಿಗೆ ಶಾಲು ಬಿಗಿದೆ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿದ್ದು, ಈಗಿನದು 1912ರಲ್ಲಿ ಮುಗಿದದ್ದು ಎಂದು ಪುಟ್ಟನಿಗೆ ಪಾಠ ಶುರುಮಾಡಿದ್ದೆ. ಅಷ್ಟರಲ್ಲಿ ಏಳಾಯಿತು. ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹತ್ತಿಕೊಂಡವು. ಜನವೆಲ್ಲ "ಹೋ" ಎಂದಿತು. ನಾನು ಅರಮನೆಯನ್ನು ನೋಡಲಿಲ್ಲ, ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಕಣ್ಣೀರು ಬರಬಹುದು, ನನ್ನ ಕೈ ಹಿಡಿದುಕೊಳ್ಳಬಹುದು ಎಂದೆಲ್ಲ ಎಣಿಸಿದ್ದೆ. ಅವರು ಬಹಳ ಹೊತ್ತು ಸುಮ್ಮನೆ ನೋಡಿ, "ಕರೆಂಟ್ ಬಿಲ್ಲು ಎಷ್ಟು ಬತ್ತದೋ!" ಎಂದರು. ಮತ್ತೆ ನೋಡಿದರು. ದೀಪ ಆರಿದ ಮೇಲೆ, "ಸಾಕು. ಕಂಡಂಗಾಯ್ತು" ಎಂದು ಎದ್ದರು. ನನ್ನ ಸಂತೋಷಕ್ಕೆ ಬೇಕಾದ ಹಾಗೆ ಅವರು ಸಂತೋಷಪಡಬೇಕೆಂದು ನಾನು ಕಾಯುತ್ತಿದ್ದೆನಲ್ಲ, ಅದಕ್ಕೆ ನಾಚಿಕೆಯಾಯಿತು.

ಮಾರನೆಯ ದಿನದಿಂದ ಕೆಮ್ಮು ಶುರುವಾಯಿತು. ಐದು ದಿನ ಕಷಾಯ, ಮಾತ್ರೆ, ರಾತ್ರಿಯೆಲ್ಲ ಎಚ್ಚರ. ನಾನು ಹಿಂದಿನ ವರ್ಷ ಹೇಳಿದ್ದೇ ನಿಜವಾಯಿತಲ್ಲ! ಮಗಳು ಫೋನಿನಲ್ಲಿ, "ನೋಡಿದ್ಯಾ ಅಮ್ಮ, ನಾವು ಹೇಳಲಿಲ್ವಾ?" ಎಂದಳು. ನನಗೂ ಒಳಗೊಳಗೇ ಹೆದರಿಕೆ. ಬಿಸಿನೀರು ಕೊಡಲು ಹೋದಾಗ, "ತಪ್ಪು ಮಾಡಿದೆನೇನೋ ಅತ್ತೆ" ಎಂದೆ. ಅವರು ಕೆಮ್ಮಿ ಸುಧಾರಿಸಿಕೊಂಡು ಹೇಳಿದರು: "ನೀನ್ಯಾಕೆ ತಪ್ಪು ಮಾಡ್ದೆ? ಹೋಗ್ಬೇಕು ಅಂದೋಳು ನಾನು. ಕೆಮ್ಮೂ ನಂದೇ."

ಈ ಮಾತನ್ನು ನಾನು ಈಗಲೂ ನೆನೆಯುತ್ತೇನೆ. ಯಾರಿಗೂ ತೊಂದರೆಯಾಗದ ಹಾಗೆ ನೋಡಿಕೊಳ್ಳುವುದೇ ಪ್ರೀತಿ ಎಂದುಕೊಂಡಿದ್ದೆ. ಹಿಂದಿನ ವರ್ಷ ಅವರಿಗೆ ಕೆಮ್ಮು ಬರಲಿಲ್ಲ, ನಿಜ. ಅವರದು ಎನ್ನುವ ಹಾಗೆ ಬೇರೇನೂ ಬರಲಿಲ್ಲ. ಮುಪ್ಪಿನವರಿಂದ ನಾವು ಮೊದಲು ಕಸಿದುಕೊಳ್ಳುವುದು ಅಡಿಗೆಮನೆಯನ್ನೋ ಬೀಗದಕೈಯನ್ನೋ ಎಂದು ಹೇಳುತ್ತಾರೆ. ಅದಕ್ಕೂ ಮೊದಲು, ತಮಗೆ ಬೇಕಾದದ್ದಕ್ಕೆ ತಾವೇ ಬೆಲೆ ತೆರುವ ಹಕ್ಕನ್ನು ಕಸಿದುಕೊಂಡಿರುತ್ತೇವೆ ಎಂದು ನನಗೆ ಈಗ ಅನ್ನಿಸುತ್ತದೆ. ಹಾಗೆಂದು ಬೆಲೆ ಯಾವಾಗಲೂ ಐದು ದಿನದ ಕೆಮ್ಮಿನಷ್ಟೇ ಇರುವುದಿಲ್ಲ. ಪ್ರಾಣಕ್ಕೇ ಬರುವಂತಿದ್ದರೆ ತಡೆಯಬೇಕಾಗುತ್ತದೆ, ನಾನೂ ತಡೆಯುತ್ತೇನೆ. ಆದರೆ ಆಗಲೂ ತಡೆಯುತ್ತಿರುವವಳು ನಾನು, ನನ್ನ ಹೆದರಿಕೆಗಾಗಿ ತಡೆಯುತ್ತಿದ್ದೇನೆ ಎಂದು ಹೇಳಿ ತಡೆಯಬೇಕು. ಅವರ ಬಾಯಿಂದಲೇ "ಬೇಡ" ಅನ್ನಿಸಬಾರದು.

ಕೆಮ್ಮು ಇಳಿದ ಮೇಲೆ ಒಂದು ಮಧ್ಯಾಹ್ನ ಅತ್ತೆ ಇದ್ದಕ್ಕಿದ್ದ ಹಾಗೆ ಕೇಳಿದರು: "ಅದಿರ್ಲಿ, ವರ್ಷ ವರ್ಷ ಹೋಯ್ತಿಯಲ್ಲ, ನಿಂಗೇನು ನೋಡ್ಬೇಕು ಅಂತ ಆಸೆ ಕಣಮ್ಮ?"

"ನನಗೇನು ಅತ್ತೆ, ನಿಮ್ಮೆಲ್ಲರಿಗೂ ಖುಷಿಯಾದರೆ ಸಾಕು" ಎಂದೆ. ಅಷ್ಟು ಹೇಳಿದ ಮೇಲೆ ನನಗೇ ನಗು ಬಂತು. ವರ್ಷದ ಹಿಂದೆ ಅವರು ಕೊಟ್ಟ ಉತ್ತರವನ್ನೇ ನಾನು ಒಪ್ಪಿಸಿದ್ದೆ. ಅವರೂ ನಕ್ಕು, "ಅವಸರ ಇಲ್ಲ, ಯೋಚ್ನೆ ಮಾಡಿ ಹೇಳು" ಎಂದರು.

ಮತ್ತೆ ಡಿಸೆಂಬರ್ ಬಂದಿದೆ. ಈ ಸಲ ಕೇಳಿದಾಗ ಅತ್ತೆ ಯೋಚಿಸಲು ದಿನ ತೆಗೆದುಕೊಳ್ಳಲಿಲ್ಲ. "ನಾ ಬರಲ್ಲ. ಕಂಡಾಯ್ತಲ್ಲ ದೀಪ. ಕಾಲು ನೀಡಿಕೊಂಡು ಮನೇಲಿರ್ತೀನಿ. ಬರೋವಾಗ ಮಲ್ಲಿಗೆ ತತ್ತಾ, ಎರಡು ಮೊಳ" ಎಂದರು. ಇದು ನಿಜವಾದ ಬೇಡ. ಅಭ್ಯಾಸದ ಬೇಡ ಇಷ್ಟು ಅಳತೆಯಾಗಿ ಹೂವು ತರಲು ಹೇಳುವುದಿಲ್ಲ.

ನಾನು ಉತ್ತರಪತ್ರಿಕೆಯ ಹಾಳೆ ಹರಿದುಕೊಂಡು ಗೆರೆ ಎಳೆದಿದ್ದೇನೆ. ಆರರ ಬಸ್ಸು, ಒಂಬತ್ತಕ್ಕೆ ಮೈಸೂರು. ಹನ್ನೊಂದರಿಂದ ಹನ್ನೆರಡು ಎಂದು ಬರೆದು, ಅದರ ಮುಂದೆ, ಕಾರಂಜಿ ಕೆರೆ ದಂಡೆ, ನಾನೊಬ್ಬಳೇ, ಎಂದು ಬರೆದಿದ್ದೇನೆ. ಬರೆಯುವಾಗ ಯಾರಾದರೂ ನೋಡುತ್ತಿದ್ದಾರೇನೋ ಎಂದು ಸುತ್ತ ನೋಡಿದೆ. ನಮ್ಮವರು ಓದಿ, "ಇದೇನಿದು? ಅಲ್ಲೇನು ಮಾಡ್ತೀಯ ಒಬ್ಬಳೇ?" ಎಂದು ಕೇಳಿದರು.

"ಏನೂ ಇಲ್ಲ, ಸುಮ್ಮನೆ ಕೂರ್ತೀನಿ" ಎಂದೆ.

ಅವರು ಹಾಳೆಯನ್ನು ಇನ್ನೊಮ್ಮೆ ನೋಡಿ, "ಹಾಗಾದರೆ ಆ ಒಂದು ಗಂಟೆ ಬುತ್ತಿ ಚೀಲ ನಾನು ಹಿಡ್ಕೊಂಡಿರಬೇಕೇನೋ" ಎಂದರು.

ಹೌದು ಎಂದೆ.